ಉಸಿರು ತುಂಬಿದ ಎದೆಯ ಅಳತೆ

ಕವಚ ತೊಟ್ಟವನು ಕೂತ ಕೂಡಲೇ ಎದೆಫಲಕ ಮೇಲೇರಿ ಗದ್ದಕ್ಕೆ ಒತ್ತಿದರೆ, ಕೊರಳಿನ ಅಂಚು ಕತ್ತರಿಸಲು ಹೊರಡಬಾರದು. ತೊಂದರೆ ಇರುವುದು ಕೆಳಗೆ. ಫಲಕ ಸೊಂಟ ದಾಟಿ ಇಳಿದಿರುತ್ತದೆ, ಕೂತಾಗ ತೊಡೆ ಅದನ್ನು ಮೇಲಕ್ಕೆ ನೂಕುತ್ತದೆ. ನಾಟಕಕ್ಕೆಂದು ಬಾಡಿಗೆಗೆ ತಂದ ಕವಚದಲ್ಲಿ ನಮ್ಮ ಸೇನಾಪತಿಯ ಪಾತ್ರಧಾರಿಗೆ ಆಗುತ್ತಿದ್ದುದು ಇದೇ. ಮಂಡಿಯೂರಿ ಆಡಬೇಕಾದ ಮಾತು ಅರ್ಧಕ್ಕೇ ನಿಂತುಬಿಡುತ್ತಿತ್ತು. "ಅಕ್ಕಾ, ಇದರೊಳಗೆ ಉಸಿರೇ ಎಳೆಯೋಕಾಗಲ್ಲ" ಅಂದ. ಅದನ್ನು ಹಿಂದಕ್ಕೆ ಕಳಿಸಿ, ಅವನ ಮೈಗೇ ಹೊಸದನ್ನು ಗಟ್ಟಿ ಫೋಮಿನ ಹಾಳೆಯಲ್ಲಿ ಮಾಡಲು ಕೂತೆವು.

ಟೇಪು ಹಿಡಿದು ಎದೆ, ಸೊಂಟ, ಭುಜ ಅಳೆದರೆ ಅಂಗಿಗೆ ಸಾಕು. ಬಟ್ಟೆ ಮೈ ಹೋದಂತೆ ಹೋಗುತ್ತದೆ, ದಪ್ಪ ಫೋಮ್ ಹೋಗುವುದಿಲ್ಲ. ಅದಕ್ಕೇ ಅಳತೆಯ ಬದಲು ಮೈಯ ಅಚ್ಚನ್ನೇ ತೆಗೆದೆ. ಕವಚದೊಳಗೆ ತೊಡುವ ದಪ್ಪ ಅಂಗಿಯನ್ನು ಮೊದಲೇ ಹಾಕಿಸಿ, ಅದರ ಮೇಲೆ ಕ್ಲಿಂಗ್ ಫಿಲ್ಮ್ (ಆಹಾರ ಮುಚ್ಚಿಡುವ ತೆಳು ಪ್ಲಾಸ್ಟಿಕ್ ಹಾಳೆ) ಸುತ್ತಿ, ಆಮೇಲೆ ಅಂಟುಪಟ್ಟಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಒಂದರ ಮೇಲೊಂದು ಹಚ್ಚುತ್ತಾ ಹೋದೆ. ಉದ್ದ ಪಟ್ಟಿಯನ್ನು ಎಳೆದು ಸುತ್ತಿದರೆ ಮೈ ಬಿಗಿದು ಅಚ್ಚು ಚಿಕ್ಕದಾಗುತ್ತದೆ.

ಅಳತೆ ಕೊಡುವಾಗ ಎಲ್ಲರೂ ಹೊಟ್ಟೆ ಒಳಗೆಳೆದು ನೆಟ್ಟಗೆ ನಿಲ್ಲುತ್ತಾರೆ. ಇವನೂ ನಿಂತ. "ನಿನ್ನ ಅತಿ ಉದ್ದದ ಮಾತು ಹೇಳು, ರಂಗದ ಮೇಲೆ ಹೇಳೋ ಹಾಗೇ" ಅಂದೆ. ಹೇಳತೊಡಗಿದ. ಪಕ್ಕೆಲುಬು ಅರಳಿತು, ಭುಜ ತನ್ನ ಜಾಗಕ್ಕೆ ಇಳಿಯಿತು, ಹೊಟ್ಟೆ ಮುಂದೆ ಬಂತು. ನನಗೆ ಬೇಕಾಗಿದ್ದ ಮೈ ಅದು. ಅವನು ಮಾತಾಡುತ್ತಲೇ ಇದ್ದ, ನಾನು ಪಟ್ಟಿ ಹಚ್ಚುತ್ತಲೇ ಇದ್ದೆ.

ಅಚ್ಚು ಬಿಚ್ಚುವ ಮೊದಲು ಅದರ ಮೇಲೆ ಗೆರೆ ಎಳೆಯಬೇಕು: ನಡುಗೆರೆ, ಪಕ್ಕದ ಜೋಡಣೆ, ಕಂಕುಳ ಸುತ್ತು, ಸೊಂಟ. ಸೊಂಟದ ಗೆರೆಗೆ ಪ್ಯಾಂಟಿನ ಬೆಲ್ಟನ್ನು ನಂಬಬಾರದು. ಅವನನ್ನು ಪಕ್ಕಕ್ಕೆ ಬಾಗಿಸಿದೆ. ಮೈ ಎಲ್ಲಿ ಮಡಿಯಿತೋ ಅಲ್ಲಿ ಗೆರೆ. ಬೆಲ್ಟಿಗಿಂತ ಸಾಕಷ್ಟು ಮೇಲಿತ್ತು. ಯುರೋಪಿನಲ್ಲಿ 15ನೇ ಶತಮಾನದ ಉಕ್ಕಿನ ಕವಚಗಳ ಎದೆಫಲಕ ನಿಲ್ಲುವುದೂ ಅಲ್ಲೇ. ಅದರ ಕೆಳಗೆ ಒಂದರ ಮೇಲೊಂದು ಸರಿಯುವ ಅಡ್ಡಪಟ್ಟಿಗಳು ಬರುತ್ತವೆ, ಹಾಗಾಗಿ ತೊಟ್ಟವರು ಬಾಗಬಹುದು, ಕುದುರೆ ಹತ್ತಬಹುದು. ಯುದ್ಧದ ಪೂರ್ಣ ಕವಚ 15ರಿಂದ 25 ಕಿಲೋ ತೂಗುತ್ತಿತ್ತು. ಸೊಂಟದಲ್ಲಿ ಹಿತವಾಗಿ ಬಿಗಿದಿದ್ದರಿಂದ ಆ ಭಾರದ ಒಂದು ಪಾಲು ಭುಜ ಬಿಟ್ಟು ಸೊಂಟದ ಮೂಳೆಯ ಮೇಲೆ ಕೂರುತ್ತಿತ್ತು. ಫೋಮ್ ಹಗುರ, ನಿಜ. ಆದರೂ ಮೂರು ಗಂಟೆ ಭುಜದ ಮೇಲೇ ನೇತಾಡುವ ಕವಚ ಹಗುರ ಅನ್ನಿಸುವುದಿಲ್ಲ.

ಅಚ್ಚನ್ನು ಕತ್ತರಿಸಿ ಹರಡಿದ ಮೇಲೆ ಫೋಮಿನ ದಪ್ಪದ ಲೆಕ್ಕ ಬರುತ್ತದೆ. ಅಚ್ಚಿನ ಸುತ್ತಳತೆ ಕವಚದ ಒಳಮೈಯದು. 10 ಮಿ.ಮೀ. ಫೋಮನ್ನು ಮೈಸುತ್ತ ಬಗ್ಗಿಸಿದರೆ ಹೊರಮೈಯ ಸುತ್ತು ಒಳಮೈಗಿಂತ ಸುಮಾರು 63 ಮಿ.ಮೀ. ಹೆಚ್ಚು. ಬಗ್ಗುವಾಗ ಒಳಪದರ ಕುಗ್ಗುತ್ತದೆ, ಹೊರಪದರ ಹಿಗ್ಗುತ್ತದೆ, ಮೊದಲಿನ ಅಳತೆ ಉಳಿಯುವುದು ನಡುಪದರದಲ್ಲಿ ಮಾತ್ರ. ಆದ್ದರಿಂದ ಇಡೀ ಸುತ್ತಿಗೆ 31 ಮಿ.ಮೀ. ಸೇರಿಸಿ, ಅದನ್ನು ಜೋಡಣೆಗಳಿಗೆ ಹಂಚಿದೆ. ದಪ್ಪಕ್ಕೆ ಪೈ ಗುಣಿಸಿದರೆ ಸಿಗುವ ಸಂಖ್ಯೆ ಅದು. ಅಚ್ಚನ್ನು ಇದ್ದಂತೆ ನಕಲು ಮಾಡಿದ ಎಷ್ಟೋ ಕವಚಗಳು ಪಕ್ಕದಲ್ಲಿ ಕೂಡದೆ ಉಳಿಯುವುದು ಈ ಮೂರು ಸೆಂಟಿಮೀಟರಿಗಾಗಿ.

ಅರ್ಧ ಅಚ್ಚನ್ನು ಮಗುಚಿ ಇನ್ನರ್ಧ ಬರೆದುಕೊಳ್ಳುವುದು ರೂಢಿ. ನಾನು ಎರಡೂ ಕಡೆ ಹೋಲಿಸಿ ನೋಡಿದೆ. ಬಲಭುಜ ಎಡಕ್ಕಿಂತ ತುಸು ತಗ್ಗಿತ್ತು. ನೋಡುವವರ ಕಣ್ಣಿಗೆ ಎರಡೂ ಕಡೆ ಸಮ ಕಾಣಬೇಕು, ಮೈಗೆ ಮಾತ್ರ ಅದರದೇ ಲೆಕ್ಕ. ಹೊರಗಿನ ಆಕಾರ ಸಮವಾಗಿಯೇ ಇಟ್ಟು, ಬಲಭುಜದ ಒಳಗೆ ತೆಳು ಫೋಮಿನ ಮೆತ್ತೆ ಅಂಟಿಸಿದೆ.

ಮಧ್ಯಾಹ್ನವೆಲ್ಲ ರಟ್ಟಿನ ಮಾದರಿಯಲ್ಲೇ ಕಳೆಯಿತು, ಕಳೆಯಲೇಬೇಕು. ಕೂರು, ಏಳು, ಮಂಡಿಯೂರು, ಕತ್ತಿ ಸೆಳೆ, ಬಲಗೈಯಿಂದ ಎಡಭುಜ ಮುಟ್ಟು. ಕೈ ಎದೆಯ ಮುಂದೆ ಬಂದಾಗ ತೋಳು ಫಲಕದ ಅಂಚಿಗೆ ತಾಗುತ್ತಿತ್ತು. ತಾಗಿದ ಕಡೆ ಗುರುತು ಮಾಡಿ, ಬೆರಳಗಲ ಕತ್ತರಿಸಿ, ಮತ್ತೆ ತೊಡಿಸಿದೆ. ಕಂಕುಳ ಮುಂಭಾಗದಲ್ಲಿ ಎದೆಫಲಕ ಎಷ್ಟು ಕಿರಿದಾಗಬೇಕೆಂದು ಕಣ್ಣಿಗೆ ಹೊಳೆಯುವುದಿಲ್ಲ, ಒಂದೇ ಕತ್ತಿಯನ್ನು ಎರಡೂ ಕೈಯಿಂದ ಹಿಡಿಸಿ ನೋಡಿದಾಗಲೇ ತಿಳಿಯುವುದು. ತೆರವಾದ ಜಾಗವನ್ನು ಭುಜದ ತುಂಡು ಮುಚ್ಚುತ್ತದೆ. ಅದನ್ನು ಎದೆಗೆ ಅಂಟಿಸಿದರೆ ಕೈ ಎತ್ತಿದಾಗ ಇಡೀ ಕವಚ ಮೇಲೇಳುತ್ತದೆ. ಕೊರಳ ಹತ್ತಿರ ಒಂದು ಬಕಲ್ಲಿನಿಂದ ತೂಗುಹಾಕಿ, ತೋಳಿಗೆ ಎಲಾಸ್ಟಿಕ್ ಸುತ್ತಿದೆ. ಈಗ ಕೈ ಎತ್ತಿದರೆ ಭುಜದ ತುಂಡಷ್ಟೇ ಏಳುತ್ತದೆ.

ಆಮೇಲಿನದು ಅಭ್ಯಾಸದ ಕೆಲಸ. ಫೋಮನ್ನು ಮೇಜಿನ ಮೇಲೆ ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಕಾಯಿಸಿ, ಬಗ್ಗಿಸಿ, ತಣಿಯುವವರೆಗೆ ಹಿಡಿದುಕೊಳ್ಳುವುದು. ಎರಡೂ ಅಂಚಿಗೆ ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟು ಸವರಿ, ಕೈಗೆ ಹಸಿ ಹತ್ತದಷ್ಟು ಆರಿದ ಮೇಲೆ ಒತ್ತುವುದು. ಕಿಟಕಿಗಳೆಲ್ಲ ತೆರೆದಿರಬೇಕು, ಮೂಗಿಗೆ ಆವಿ ತಡೆಯುವ ಮಾಸ್ಕ್ ಇರಬೇಕು. ಇದರಲ್ಲಿ ನಾನು ರಿಯಾಯಿತಿ ಕೊಡುವವಳಲ್ಲ.

ಪಟ್ಟಿಗಳಿಗೆ ಮಾತ್ರ ಮತ್ತೆ ನಿಧಾನಿಸಿದೆ. ಭಾರ ಹೊರುವ ಕಡೆ ಹಿಗ್ಗದ ಪಟ್ಟಿ, ಮೈ ಆಡುವ ಕಡೆ ಎಲಾಸ್ಟಿಕ್. ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ಎಷ್ಟು ಬಿಗಿದರೂ ತೊಡೆಕವಚ ಜಾರಿಯೇ ಜಾರುತ್ತದೆ, ಬಿಗಿದಷ್ಟೂ ಕಾಲು ಜೋಮು ಹಿಡಿಯುತ್ತದೆ. ಅದನ್ನು ಸೊಂಟದ ಅಗಲ ಬೆಲ್ಟಿನಿಂದ ಇಳಿಬಿಟ್ಟೆ, ತೊಡೆಯ ಸುತ್ತಿನ ಪಟ್ಟಿ ಸಡಿಲವಾಗಿಯೇ ಉಳಿಯಿತು.

ಸಂಜೆ ಪೂರ್ತಿ ತೊಟ್ಟು ಮಂಡಿಯೂರಿದ. ಅದೇ ಮಾತನ್ನು ಎಲ್ಲೂ ತಡೆಯದೆ ಆಡಿ ಮುಗಿಸಿ ಎದ್ದ. "ಅಕ್ಕಾ, ಮುಂಗೈದು ಈಗಲೇ ಅಳತೆ ತಗೊಳ್ತೀರಾ?" ಅಂತ ಬರಿಗೈ ಮುಂದೆ ಚಾಚಿದ.

"ನಾಳೆ ಕತ್ತಿ ತಗೊಂಡು ಬಾ," ಅಂದೆ. "ಹಿಡಿ ಬಿಗಿದಾಗ ಮುಂಗೈ ದಪ್ಪ ಆಗುತ್ತೆ. ಕತ್ತಿ ಹಿಡಿದ ಕೈಯನ್ನೇ ಅಳೀತೀನಿ."