ಮಿನಾರು ನಮಗೆ ಬೇಕು, ಟಿವಿಗೆ ಬೇಡ

ಅಂಧೇರಿಯ ಒಂದು ಸುದ್ದಿಸಂಸ್ಥೆಯಲ್ಲಿ ವಿಡಿಯೊ ಪರಿಶೀಲನೆ ನನ್ನ ಕೆಲಸ. ಯುದ್ಧ ನಡೆಯುವ ಊರಿನ ಜನರೇ ತೆಗೆದು ಕಳಿಸುವ ವಿಡಿಯೊ ನಿಜಕ್ಕೂ ಅಲ್ಲಿಯದಾ, ಅವತ್ತಿನದಾ ಅಂತ ನೋಡಬೇಕು. ಹೊಸದಾಗಿ ಸೇರುವವರಿಗೆ ಸಿರಿಯಾ ಅಂತರ್ಯುದ್ಧದ ಹಳೇ ವಿಡಿಯೊಗಳನ್ನೇ ಕೊಟ್ಟು ಕಲಿಸುತ್ತೇನೆ.

2011ರಲ್ಲಿ ಅಲ್ಲಿನ ಸರ್ಕಾರ ಹೊರಗಿನ ಪತ್ರಕರ್ತರನ್ನು ಸುಲಭಕ್ಕೆ ಒಳಗೆ ಬಿಡುತ್ತಿರಲಿಲ್ಲ. ಊರಿನ ಹುಡುಗರೇ ಫೋನ್ ಹಿಡಿದರು. ವಿಡಿಯೊ ಶುರುವಾಗುತ್ತಲೇ ತಾರೀಖು, ಊರು, ಬಡಾವಣೆ ಹೇಳುತ್ತಿದ್ದರು. ಕೆಲವರು ಚೀಟಿ ಬರೆದು ಕ್ಯಾಮೆರಾ ಮುಂದೆ ಹಿಡಿಯುತ್ತಿದ್ದರು. ಇಷ್ಟಿದ್ದರೂ ಸುಮ್ನೆ ನಂಬೋ ಹಾಗಿಲ್ಲ. 2014ರಲ್ಲಿ ಗುಂಡಿನ ಮಳೆಯಲ್ಲಿ ಹುಡುಗಿಯನ್ನು ಕಾಪಾಡಿದ 'ಸಿರಿಯಾದ ಹುಡುಗ'ನನ್ನು ಲಕ್ಷಾಂತರ ಜನ ನೋಡಿ ಕೊಂಡಾಡಿದರು. ಅದನ್ನು ನಾರ್ವೆಯ ಸಿನಿಮಾ ತಂಡವೊಂದು ಮಾಲ್ಟಾದಲ್ಲಿ ಶೂಟ್ ಮಾಡಿತ್ತು!

ಹಾಗಾಗಿ ನಮ್ಮ ಕಣ್ಣು ಹೋಗೋದು ಹೊಗೆ, ಬೆಂಕಿಯ ಕಡೆಗಲ್ಲ, ಹಿಂದಿನ ಮಸೀದಿಯ ಕಡೆಗೆ. ಮಿನಾರಿಗೆ ಬಾಲ್ಕನಿ ಒಂದಾ ಎರಡಾ? ಪಕ್ಕದ ತಾರಸಿಯಲ್ಲಿ ನೀರಿನ ಟ್ಯಾಂಕ್ ಯಾವ ಮೂಲೆಯಲ್ಲಿದೆ? ನೆರಳು ಯಾವ ಕಡೆ ಬಿದ್ದಿದೆ? ಇಷ್ಟನ್ನು ಉಪಗ್ರಹ ಚಿತ್ರದ ಪಕ್ಕ ಇಟ್ಟು ಕೂತರೆ, ತೆಗೆದವನು ಯಾವ ಕಟ್ಟಡದ ಯಾವ ಕಿಟಕಿಯಲ್ಲಿ ನಿಂತಿದ್ದ ಅನ್ನೋವರೆಗೂ ಹೋಗಬಹುದು.

ನಮಗೆ ಗೊತ್ತಾಗುತ್ತೆ ಅಂದಮೇಲೆ ಶೆಲ್ ಹಾಕುವವನಿಗೂ ಗೊತ್ತಾಗುತ್ತೆ, ಅಲ್ವಾ?

2012ರ ಫೆಬ್ರವರಿಯಲ್ಲಿ ಹೋಮ್ಸ್ ನಗರದ ಬಾಬಾ ಅಮ್ರ್ ಬಡಾವಣೆಯ ಮೇಲೆ ಶೆಲ್ ಸುರಿಯುತ್ತಿತ್ತು. ರಾಮಿ ಅಲ್ ಸಯ್ಯದ್ ಅನ್ನೋ ಸ್ಥಳೀಯ ಯುವಕ ಅದನ್ನೆಲ್ಲ ನೇರಪ್ರಸಾರ ಮಾಡುತ್ತಿದ್ದ. 21ರಂದು ಶೆಲ್ ತಗುಲಿ ಸತ್ತ. ಮರುದಿನವೇ ಆ ಬಡಾವಣೆಯ ಮೀಡಿಯಾ ಸೆಂಟರ್ ಮೇಲಿನ ದಾಳಿಯಲ್ಲಿ ಪತ್ರಕರ್ತೆ ಮೇರಿ ಕಾಲ್ವಿನ್ ಮತ್ತು ಫೋಟೊಗ್ರಾಫರ್ ರೆಮಿ ಓಶ್ಲಿಕ್ ಸತ್ತರು. ಅಲ್ಲಿಂದ ಹೊರಗೆ ಹೋಗುತ್ತಿದ್ದ ಸಿಗ್ನಲ್ ಕದ್ದು ಹಿಡಿದು, ಮಾಹಿತಿದಾರರಿಂದ ಜಾಗ ತಿಳಿದುಕೊಂಡು, ಸಿರಿಯಾ ಸರ್ಕಾರ ಬೇಕಂತಲೇ ಹೊಡೆಸಿತು ಅಂತ ಕಾಲ್ವಿನ್ ಕುಟುಂಬದವರ ಕೇಸಿನಲ್ಲಿ ಅಮೆರಿಕದ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು.

ಮುಂಬೈಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2008ರ ನವೆಂಬರಿನಲ್ಲಿ ನರಿಮನ್ ಹೌಸ್ ಮೇಲೆ ಕಮಾಂಡೊಗಳು ಹೆಲಿಕಾಪ್ಟರಿನಿಂದ ಇಳಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಪಾಕಿಸ್ತಾನದಲ್ಲಿ ಕೂತು ಉಗ್ರರಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದವರೂ ಟಿವಿ ನೋಡುತ್ತಿದ್ದರು. ಕಸಬ್ ಕೇಸಿನ 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳಿಗೆ ಛೀಮಾರಿ ಹಾಕಿದ್ದು ಇದಕ್ಕೇ.

ನಮ್ಮ ಡೆಸ್ಕಿನಲ್ಲಿ ಈಗ ಹೀಗೆ ನಡೆಯುತ್ತೆ: ಮಿನಾರು ಇರುವ ಭಾಗವನ್ನು ನಾವು ನೋಡುತ್ತೇವೆ, ಪ್ರಸಾರಕ್ಕೆ ಕೊಡುವಾಗ ಅದನ್ನು ಕತ್ತರಿಸಿ ತೆಗೆಯುತ್ತೇವೆ. ತೆಗೆದವನು ಆ ಜಾಗ ಬಿಟ್ಟ ಮೇಲೇ ಹೊರಗೆ ಬಿಡೋದು. 'ಇನ್ನೊಂದು ಶಾಟ್ ಸಿಗುತ್ತಾ' ಅಂತ ಯಾರೂ ಕೇಳುವಂತಿಲ್ಲ. ಆ ಒಂದು ಮೆಸೇಜಿಗೆ ಅವನು ಮತ್ತೆ ತಾರಸಿ ಹತ್ತುತ್ತಾನೆ.

ಧಾರವಾಡದಿಂದ ಬಂದ ಹುಡುಗ ಕೇಳಿದ, "ಎಲ್ಲಾ ಕತ್ತರಿಸಿ ಹಾಕಿದ್ರ ನೋಡೋರು ಹೆಂಗ ನಂಬಬೇಕ್ರಿ ಸರ?" ಒಳ್ಳೇ ಪ್ರಶ್ನೆ. "ನೋಡೋರು ನಮ್ಮನ್ನ ನಂಬಬೇಕಪ್ಪಾ, ಸಂಬಳ ಅದಕ್ಕೇ ಕೊಡೋದು" ಅಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಒರಿಜಿನಲ್ ಫೈಲನ್ನು ಮಾತ್ರ ತಕ್ಷಣ ಇಳಿಸಿಕೊಳ್ಳಿ. 2017ರಲ್ಲಿ ಯೂಟ್ಯೂಬಿನ ಸಾಫ್ಟ್‌ವೇರ್ ಉಗ್ರವಾದದ ವಿಡಿಯೊ ಅಂದುಕೊಂಡು ಸಿರಿಯಾದ ಸಾವಿರಾರು ಸಾಕ್ಷ್ಯದ ವಿಡಿಯೊಗಳನ್ನು ತೆಗೆದುಹಾಕಿತ್ತು. ಆದರೆ ಒರಿಜಿನಲ್ ಫೈಲಿನೊಳಗೆ ತೆಗೆದ ಜಾಗದ ವಿವರವೂ ಇರಬಹುದು. ಅದಕ್ಕೇ ನಮ್ಮಲ್ಲಿ ಆ ಫೋಲ್ಡರ್ ಪರಿಶೀಲನೆ ಮಾಡುವವರಿಗೆ ಬಿಟ್ಟು ಬೇರೆ ಯಾರಿಗೂ ತೆರೆಯಲ್ಲ, ಬಾಸ್‌ಗೂ ಇಲ್ಲ. ಅವರಿಗೆ ಸಿಟ್ಟಿದೆ, ಇರಲಿ.