ಉದ್ಯಮಬಾಗದ ಸಿಎನ್‌ಸಿ ಕೋರ್ಸು: ಗುಂಡಿಯ ಮೇಲೆ ಯಾರ ಕೈ, ಎಷ್ಟು ಹೊತ್ತು?

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಮಷಿನ್ ಶಾಪುಗಳಲ್ಲಿ ದುಡಿಯುವವರಿಗಾಗಿ ನಡೆಯುವ ಅಲ್ಪಾವಧಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷಿನ್) ಕೋರ್ಸುಗಳ ಕೊನೆಯ ದಿನ ಒಂದು ಫೀಡ್‌ಬ್ಯಾಕ್ ಫಾರ್ಮ್ ಹಂಚುತ್ತಾರೆ. ಬಹುತೇಕ ಎಲ್ಲರೂ ಐದಕ್ಕೆ ಐದು ಹಾಕುತ್ತಾರೆ. ಸರ್ಟಿಫಿಕೇಟು ಕೊಡುವವರ ಎದುರಿಗೇ ಕೂತು ಮೂರು ಹಾಕುವ ಧೈರ್ಯ ಯಾರಿಗೆ ಬಂದೀತು? ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಎಂದು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಅದರಿಂದ ಫಲ ಬಂತೇ. ನಮ್ಮ ಲೆಕ್ಕ ಸಾಮಾನ್ಯವಾಗಿ ಮೊದಲನೆಯದಕ್ಕೇ ಮುಗಿದುಹೋಗುತ್ತದೆ.

ಗುಣಮಟ್ಟದ ಮಾತು ಎತ್ತುವ ಮುಂಚೆ ಒಂದು ಭಾಗಾಕಾರ ಮಾಡಿ ನೋಡ್ರಿ. ಬ್ಯಾಚಿನಲ್ಲಿ 20 ಜನ, ಮಷಿನ್ ಒಂದು, ಪ್ರಾಕ್ಟಿಕಲ್ 40 ತಾಸು. ತಲೆಗೆ ಬಂದದ್ದು 2 ತಾಸು. ಆ ಎರಡು ತಾಸೂ ಸಮನಾಗಿ ಹಂಚಿಹೋಗುವುದಿಲ್ಲ. ಜೋರಾಗಿ ಇರುವ ನಾಲ್ಕೈದು ಹುಡುಗರು ಮಷಿನ್‌ನ ಗುಂಡಿಗಳಿರುವ ಪ್ಯಾನೆಲ್ ಸುತ್ತ ನಿಲ್ಲುತ್ತಾರೆ, ಉಳಿದವರು ಅವರ ಹೆಗಲ ಮೇಲಿಂದ ಇಣುಕುತ್ತಾರೆ. ಐದೈದು ಜನರ ನಾಲ್ಕು ಗುಂಪು ಮಾಡಿ ಮಷಿನ್, ಅಳತೆಯ ಮೇಜು, ಡ್ರಾಯಿಂಗ್, ಕಂಪ್ಯೂಟರಿನ ಸಿಮ್ಯುಲೇಟರ್ ಎಂದು ಸರದಿ ಹಾಕಿದರೆ ಮಷಿನ್ ಮೇಲಿನ ತಾಸು ಹೆಚ್ಚುವುದಿಲ್ಲ, ಅದು ಎರಡೇ. ಆದರೆ ಸುಮ್ಮನೆ ನಿಲ್ಲುವ ಹೊತ್ತು ತಪ್ಪುತ್ತದೆ, ಸಿಮ್ಯುಲೇಟರಿನಲ್ಲಿ ಗುಂಡಿಗಳ ಜಾಗ ಕೈಗೆ ರೂಢಿಯಾಗುತ್ತದೆ. ಮಷಿನ್ ತಾಸೇ ಹೆಚ್ಚಬೇಕೆಂದರೆ ಬ್ಯಾಚು 8ಕ್ಕೆ ಇಳಿಯಬೇಕು, ಆಗ ತಲೆಗೆ 5 ತಾಸು. ಇನ್ನೊಂದು ಕಟ್ಟುಪಾಡು ಖರ್ಚಿಲ್ಲದ್ದು: ಎಮರ್ಜೆನ್ಸಿ ಬಟನ್ ಒಂದನ್ನು ಬಿಟ್ಟು ಪ್ಯಾನೆಲ್‌ನ ಯಾವ ಗುಂಡಿಗೂ ಕಲಿಸುವವರ ಕೈ ತಾಗಬಾರದು. ಇಪ್ಪತ್ತೈದು ವರ್ಷ ಸೆಟ್ಟರ್ (ಮಷಿನ್‌ಗೆ ಟೂಲ್, ಅಳತೆ ಹೊಂದಿಸಿಕೊಡುವವರು) ಆಗಿದ್ದವರಿಗೆ ಇದು ಬಲು ಕಷ್ಟ. "ಸರಿ ತಮ್ಮಾ, ನಾನ ತೋರಸ್ತೀನಿ" ಅಂದರೆ ಆ ಹುಡುಗನ ಸರದಿ ಅಲ್ಲಿಗೇ ಹೋಯಿತು.

ಕಲಿತರೋ ಇಲ್ಲವೋ ತಿಳಿಯಲು 10 ಪಿನ್ನು ಸಾಕು. ಬೇರೆಬೇರೆ ವ್ಯಾಸದವು, ನಂಬರ್ ಹೊಡೆದವು, ಸರಿ ಅಳತೆ ಮೊದಲೇ ಬರೆದಿಟ್ಟವು. ಮೊದಲ ದಿನ ಬೆಳಿಗ್ಗೆ ಎಲ್ಲರಿಂದ ಮೈಕ್ರೋಮೀಟರಿನಲ್ಲಿ (ಮಿಲಿಮೀಟರಿನ ನೂರನೇ ಒಂದು ಭಾಗ ತೋರಿಸುವ ಸಾಧನ) ಅಳೆಸಿ, ಕೊನೆಯ ದಿನ ಅವನ್ನೇ ಮತ್ತೆ ಅಳೆಸಿ, ಆರು ವಾರ ಬಿಟ್ಟು ಅವರ ಶಾಪಿಗೇ ಹೋಗಿ ಇನ್ನೊಮ್ಮೆ. ಎಷ್ಟು ತಪ್ಪಾಯಿತು ಎನ್ನುವುದಕ್ಕಿಂತ ಎಂಥ ತಪ್ಪು ಎಂದು ನೋಡಿ. ಅದರ ಥಿಂಬಲ್ (ತಿರುಗಿಸುವ ಹಿಡಿ) ಒಂದು ಸುತ್ತಿಗೆ 0.5 ಮಿ.ಮೀ. ಸರಿಯುತ್ತದೆ, ಅದರ ಮೇಲೆ 50 ಗೆರೆ. ಸ್ಲೀವ್ (ತಿರುಗದ ಕೊಳವೆ) ಮೇಲಿನ ಅರ್ಧ ಮಿಲಿಮೀಟರಿನ ಗೆರೆ ಕಣ್ಣಿಗೆ ಬೀಳದಿದ್ದರೆ 12.78 ಇದ್ದದ್ದನ್ನು 12.28 ಎಂದು ಬರೆಯುತ್ತಾರೆ. ಅಂದರೆ ವ್ಯತ್ಯಾಸ ಸರಿಯಾಗಿ 0.50 ಬಂದರೆ ಅದು ಓದುವ ತಪ್ಪು. ಹತ್ತೂ ಪಿನ್ನಿಗೆ ಒಂದೇ ಸಮ 0.02 ಹೆಚ್ಚೋ ಕಡಿಮೆಯೋ ಬಂದರೆ ಅಳೆಯುವ ಮುಂಚೆ ಸಾಧನದ ಝೀರೋ ನೋಡಿಲ್ಲ. ಒಮ್ಮೊಮ್ಮೆ ಒಂದೊಂದು ಬಂದರೆ ರ‍್ಯಾಚೆಟ್ (ಒತ್ತಡ ಹೆಚ್ಚದಂತೆ ತಡೆಯುವ ತುದಿಯ ತಿರುಪು) ಬಿಟ್ಟು ಥಿಂಬಲನ್ನೇ ಬಿಗಿಯುತ್ತಿದ್ದಾರೆ. ಮೂರಕ್ಕೂ ಮದ್ದು ಬೇರೆ. ಎಲ್ಲರಿಗೂ ಮತ್ತೊಂದು ಲೆಕ್ಚರ್ ಕೊಟ್ಟು ಪ್ರಯೋಜನವಿಲ್ಲ.

ಆಫ್‌ಸೆಟ್‌ನಲ್ಲೂ (ಟೂಲ್ ಎಷ್ಟು ಸರಿಯಬೇಕೆಂದು ಮಷಿನ್‌ಗೆ ಕೊಡುವ ತಿದ್ದುಪಡಿ) ಹೀಗೇ. ಫ್ಯಾನುಕ್ ಕಂಪನಿಯ ಕಂಟ್ರೋಲಿನ ಲೇತ್, ಎಕ್ಸ್ (ಟೂಲ್ ಒಳಗೆ-ಹೊರಗೆ ಸರಿಯುವ ದಿಕ್ಕು) ವ್ಯಾಸದ ಲೆಕ್ಕದಲ್ಲಿದೆ, ವೇರ್ ಪುಟದಲ್ಲಿ (ಟೂಲ್ ಸವೆತದ ತಿದ್ದುಪಡಿಯ ಪುಟ) ಈಗಾಗಲೇ −0.10 ಮಿ.ಮೀ. ಇದೆ ಎನ್ನಿ. ಶಾಫ್ಟು 0.04 ದಪ್ಪ ಬಂತು. −0.04 ಟೈಪ್ ಮಾಡಿ '+ಇನ್‌ಪುಟ್' ಒತ್ತಿದರೆ ಹಳೆಯದಕ್ಕೆ ಕೂಡಿ −0.14 ಆಗುತ್ತದೆ, ಜಾಬ್ (ಕೊರೆಯುವ ತುಂಡು) ಸರಿಹೋಗುತ್ತದೆ. ಬರೀ 'ಇನ್‌ಪುಟ್' ಒತ್ತಿದರೆ ಹಳೆಯದು ಅಳಿಸಿ −0.04 ಕೂರುತ್ತದೆ, ಮುಂದಿನ ಶಾಫ್ಟು 0.10 ದಪ್ಪ. ಈ ತಪ್ಪನ್ನು ಕ್ಲಾಸಿನಲ್ಲಿ ಬೇಕಂತಲೇ ಮಾಡಿಸಿ ಅಳೆಸಬೇಕು. ಹೊರಗಿನ ವ್ಯಾಸ ದಪ್ಪವಾದರೆ ಇನ್ನೊಂದು ಪಾಸ್ ಹಾಕಬಹುದು, ಬೋರ್‌ನಲ್ಲಿ (ಒಳಗಿನ ತೂತು) ಇದೇ ತಪ್ಪಾದರೆ ತೂತು ದೊಡ್ಡದಾಗಿ ಜಾಬ್ ರಿಜೆಕ್ಟ್ ಆಗಲೂಬಹುದು ಎಂಬುದನ್ನೂ ಅಲ್ಲೇ ತೋರಿಸಬಹುದು.

ಇನ್ನು ಬಾರದೇ ಹೋದವರ ವಿಷಯ. ಅವರು ಅರ್ಜಿಯಲ್ಲೇ ಹೊರಗುಳಿದಿರುತ್ತಾರೆ. "ಹತ್ತನೇ ಪಾಸ್" ಎಂಬ ಒಂದು ಸಾಲು ಏಳನೇಗೆ ಶಾಲೆ ಬಿಟ್ಟು ಹನ್ನೆರಡು ವರ್ಷ ಲೇತ್ ನಡೆಸಿದವನನ್ನು ಹೊರಗಿಡುತ್ತದೆ. 2013ರ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟಿನಲ್ಲಿ ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ದಾರಿ ಇದೆ, ಆರ್‌ಪಿಎಲ್ ಅನ್ನುತ್ತಾರೆ. ಅಂಥವರಿಗೆ ಆ ಹತ್ತು ಪಿನ್ನು, ಒಂದು ಡ್ರಾಯಿಂಗು ಕೊಟ್ಟು ನೋಡಿ; ಬಂದರೆ ಮೊದಲ ವಾರ ಬಿಟ್ಟು ಸೀದಾ ಮುಂದಿನದಕ್ಕೆ ಕೂರಿಸಿ.

ಪಾಳಿ ವಾರವಾರ ಬದಲಾಗುವವರಿಗೆ ಸಂಜೆಯ ಕ್ಲಾಸು ಅಂದರೆ ಅರ್ಧ ಕೋರ್ಸು. ಒಂದೇ ಪಾಠವನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ, ಯಾವುದಕ್ಕಾದರೂ ಬರಲಿ ಎಂದು ಬಿಡಬೇಕು. ಕಲಿಸುವವರ ತಾಸು ದುಪ್ಪಟ್ಟಾಗುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆದರೆ ಖಾನಾಪುರ, ಬೈಲಹೊಂಗಲ ಕಡೆಯ ಊರಿಗೆ ಕೊನೆಯ ಬಸ್ ಎಷ್ಟಕ್ಕೆ ಎಂಬುದನ್ನು ನೋಡಿಯೇ ಟೈಮ್‌ಟೇಬಲ್ ಬರೆಯಬೇಕು. ಸೆರಗು, ಓಢಣಿ, ಬಳೆ ಜಾಬ್ ಹಿಡಿದು ತಿರುಗುವ ಚಕ್ ಹತ್ತಿರ ಪ್ರಾಣಕ್ಕೆ ಅಪಾಯ. ಇದನ್ನು ಮೊದಲ ದಿನ ಬಾಗಿಲಲ್ಲಿ ನಿಲ್ಲಿಸಿ ಹೇಳುವ ಬದಲು ಪ್ರಕಟಣೆಯಲ್ಲೇ ಬರೆದು, ಅಳತೆಗೆ ತಕ್ಕ ಕೋಟನ್ನು ಕೇಂದ್ರವೇ ಕೊಡಲಿ. ಎತ್ತರ ಕಡಿಮೆ ಇದ್ದವರಿಗೆ ಪ್ಯಾನೆಲ್ ಮುಂದೆ ಗಟ್ಟಿಯಾದ, ಜಾರದ ಮರದ ಹಲಗೆ.

ಕಿವಿ ಕೇಳದವರನ್ನು ಮಷಿನ್ ಮೇಲೆ ತಗೊಳ್ಳಲು ಮಾಲಕರು ಹಿಂಜರಿಯುವುದು ಚ್ಯಾಟರ್ (ಕೊರೆಯುವಾಗಿನ ನಡುಕ) ಶಬ್ದ ಗೊತ್ತಾಗುವುದಿಲ್ಲ ಎಂದು. ಮಷಿನ್ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ತೋರಿಸುವ ಸ್ಪಿಂಡಲ್ ಲೋಡ್ ಮೀಟರಿನ ಏರಿಳಿತ, ಜಾಬ್ ಮೇಲಿನ ಅಲೆಅಲೆ ಗುರುತು ಎರಡೂ ಕಣ್ಣಿಗೆ ಕಾಣುವಂಥವೇ, ಅವನ್ನು ಎಲ್ಲರಿಗೂ ಕಲಿಸಬೇಕು. ಅಲಾರ್ಮಿಗೆ ಟವರ್ ಲ್ಯಾಂಪ್ (ಒಂದರ ಮೇಲೊಂದು ಬಣ್ಣದ ದೀಪಗಳ ಕಂಬ) ಇದೆ. ಬಣ್ಣ ಗುರುತಿಸಲಾಗದವರೂ ಇರುವುದರಿಂದ "ಕೆಂಪು" ಅನ್ನುವ ಜೊತೆಗೆ "ಮೇಲಿನದು" ಅಂತಲೂ ಹೇಳಿ. ಬೋರ್ಡಿನ ಕಡೆ ಮುಖ ಮಾಡಿಯೋ, ಕಿಟಕಿಗೆ ಬೆನ್ನು ಕೊಟ್ಟೋ ಮಾತಾಡಿದರೆ ತುಟಿ ಓದುವವರಿಗೆ ಏನೂ ಸಿಗದು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಿದ್ದವು. ಅದರಲ್ಲಿ ಸಿಗದ ಶಾಪಿನ ಪದಗಳಿಗೆ ಬ್ಯಾಚಿನವರೇ ಕೂಡಿ ಸನ್ನೆ ಗೊತ್ತುಮಾಡಿ, ವಿಡಿಯೋ ಮಾಡಿ ಇಟ್ಟರೆ ಮುಂದಿನ ಬ್ಯಾಚಿಗೂ ಬಂತು. ಸ್ಕ್ರೀನಿನಲ್ಲಿ ಇಂಗ್ಲಿಷಿನಲ್ಲೇ ಬರುವ ಅಲಾರ್ಮುಗಳಿಗೆ ಕನ್ನಡ, ಮರಾಠಿ ಎರಡರಲ್ಲೂ "ಈಗ ಏನು ಮಾಡಬೇಕು" ಎಂದು ಬರೆದ ಒಂದು ಹಾಳೆ ಮಷಿನ್ ಪಕ್ಕ ಅಂಟಿಸಿ. ಇಲ್ಲಿಯ ಶಾಪುಗಳಲ್ಲಿ ಎರಡೂ ಬೇಕು.

ಇಷ್ಟೆಲ್ಲ ಮಾಡಿಯೂ ಆರು ವಾರದ ಪರೀಕ್ಷೆಯಲ್ಲಿ ಆಫ್‌ಸೆಟ್ ಮರೆತಿದ್ದರೆ ಕಲಿತವರನ್ನು ಬೈಯುವ ಮುಂಚೆ ಶಾಪಿನ ಬೀಗ ನೋಡಿ. ಎಷ್ಟೋ ಕಡೆ ಆಫ್‌ಸೆಟ್ ತಿದ್ದುವ ಅಧಿಕಾರ ಸೆಟ್ಟರ್ ಒಬ್ಬರಿಗೇ. ಹಾಗಾಗಿ ಸೀಟು ಕೊಡುವ ಮೊದಲೇ ಮಾಲಕರಿಂದ ಎರಡು ಒಪ್ಪಿಗೆ ಬರೆಸಿಕೊಳ್ಳುವುದು ಒಳ್ಳೆಯದು: ಕ್ಲಾಸಿನ ತಾಸಿಗೆ ಪಗಾರ ಕಡಿಯುವುದಿಲ್ಲ, ಮತ್ತು ಕೋರ್ಸು ಮುಗಿಸಿದವರು ಒಂದು ಸಲಕ್ಕೆ 0.05 ಮಿ.ಮೀ.ವರೆಗೆ ವೇರ್ ಆಫ್‌ಸೆಟ್ ತಾವೇ ತಿದ್ದಬಹುದು. ಅದಕ್ಕಿಂತ ಹೆಚ್ಚಿನ ಅಂಕಿ ಹಾಕದಂತೆ ಕಂಟ್ರೋಲಿನ ಪ್ಯಾರಾಮೀಟರಿನಲ್ಲೇ ಮಿತಿ ಇಡಲು ಬರುತ್ತದೆ.