ಷಿಕಾಗೋ ಜುವಾವ್ ಕ್ಯಾಡೆಟ್ ಪಡೆ: ಗುಂಡಿಗಳ ಗಂಡಾಂತರ ಕಳೆಯಿತು

ಜುವಾವ್ ಎಂಬ ಫ್ರೆಂಚ್ ಸೈನಿಕರ ವೇಷವನ್ನೂ ಕವಾಯತನ್ನೂ ಅನುಕರಿಸಿದ 1860ರ ಷಿಕಾಗೋ ಜುವಾವ್ ಕ್ಯಾಡೆಟ್ ಪಡೆಯ ಮೊದಲನೆಯ ಸೈನಿಕ ಬೊಂಬೆಯ ಜಾಕೆಟ್ಟಿನ ಅಂಚಿನಲ್ಲಿ ಹಿತ್ತಾಳೆಯ ಗುಂಡಿಗಳು ಕೊನೆಗೂ ಒಂದೇ ಗೆರೆಯಲ್ಲಿ, ಒಂದೇ ಗಾತ್ರದಲ್ಲಿ, ಬೆರಳಿನಿಂದ ಸವರಿದರೂ ಉದುರದಂತೆ ಕೂತಿವೆ. ಅಚ್ಚಿನ ಗೆರೆ ಕೆರೆಯುವುದು, ಸೋಪಿನ ನೀರಿನಲ್ಲಿ ತೊಳೆಯುವುದು, ಪಿನ್ ಕೂರಿಸುವುದು, ಪ್ರೈಮರ್ ಹೊಡೆಯುವುದು ಮುಂತಾದ ನಿತ್ಯಕರ್ಮಗಳನ್ನು ಓದುಗರೆಲ್ಲರೂ ಬಲ್ಲರಾದ್ದರಿಂದ ಅವನ್ನು ಬಿಟ್ಟು, ಹಳೆಯ ವರದಿಯಲ್ಲಿ ನಾನು ಅರ್ಧಕ್ಕೆ ನಿಲ್ಲಿಸಿದ್ದ ಗುಂಡಿಗಳ ವಿಷಯವನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಈ ಪಡೆಯೇ ಏಕೆ ಎಂದು ಕೇಳಿದವರಿಗೆ ಮೊದಲು ಉತ್ತರ ಹೇಳಬೇಕು. ಈ ಪಡೆಯ ನಾಯಕ ಎಲ್ಮರ್ ಎಲ್ಸ್‌ವರ್ತ್ ಎಂಬ ಹೆಸರು ಹಚ್ಚಿದ 54 ಮಿ.ಮೀ. ಎತ್ತರದ ಬೊಂಬೆ ಮಾರುಕಟ್ಟೆಯಲ್ಲಿ ಕಂಡರೆ ಅದು ಹೆಚ್ಚಾಗಿ 1861ರ ನ್ಯೂಯಾರ್ಕ್ 11ನೆಯ ರೆಜಿಮೆಂಟಿನದ್ದು; ಅಂದರೆ ಅಗ್ನಿಶಾಮಕ ದಳದವರನ್ನು ಸೇರಿಸಿ ಅವನು ಕಟ್ಟಿದ ಫೈರ್ ಜುವಾವ್ ದಂಡಿನದ್ದು. ಆ ದಂಡು ಹೊರಟಾಗ ತೊಟ್ಟಿದ್ದದ್ದು ಬೂದು ಜಾಕೆಟ್ ಮತ್ತು ಒಳಗೆ ಕೆಂಪು ಅಂಗಿ. ತಯಾರಕರು ಅದನ್ನೂ ಸರಿಯಾಗಿ ಮಾಡದೆ, ಕ್ರೈಮಿಯಾ ಯುದ್ಧದ ಫ್ರೆಂಚ್ ಜುವಾವನಿಗೆ ಹೊಸ ಚೀಟಿ ಅಂಟಿಸಿ ಮಾರುತ್ತಾರೆ. ನನಗೆ ಬೇಕಾಗಿದ್ದವರು ಇವರಿಬ್ಬರೂ ಅಲ್ಲ; ಅಂತರ್ಯುದ್ಧಕ್ಕೆ ಮುನ್ನ, ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸದೆ, ಬರೀ ಕವಾಯತಿನಿಂದ ಅಮೆರಿಕವನ್ನು ಬೆರಗುಗೊಳಿಸಿದ ಷಿಕಾಗೋದ ಹುಡುಗರು.

ಅವರ ಕಥೆ ಸ್ವಯಂಸೇವಕ ಪಡೆಗಳ ಇತಿಹಾಸದಲ್ಲೇ ವಿಚಿತ್ರವಾದದ್ದು. ಷಿಕಾಗೋದ ನ್ಯಾಷನಲ್ ಗಾರ್ಡ್ ಕ್ಯಾಡೆಟ್ಸ್ ಎಂಬ ಪಡೆ ಸಾಲ ಮಾಡಿಕೊಂಡು, ಸದಸ್ಯರನ್ನು ಕಳೆದುಕೊಂಡು ಮುಚ್ಚುವ ಹಂತಕ್ಕೆ ಬಂದಿದ್ದಾಗ, 1859ರ ವಸಂತದಲ್ಲಿ ಅದರ ನಾಯಕತ್ವ 22 ವರ್ಷದ ಎಲ್ಸ್‌ವರ್ತ್‌ನ ಕೈಗೆ ಬಂತು. ಹೊಟ್ಟೆಗೆ ಬಿಸ್ಕತ್ತು, ಮಲಗಲು ನೆಲ ಎಂಬ ಸ್ಥಿತಿಯಲ್ಲಿ ಕಾನೂನು ಓದುತ್ತಿದ್ದ ಈ ಯುವಕನಿಗೆ, ಕ್ರೈಮಿಯಾ ಯುದ್ಧದಲ್ಲಿ ಜುವಾವ್ ಪಡೆಯೊಡನೆ ಇದ್ದು ಬಂದ ಚಾರ್ಲ್ಸ್ ಡಿವಿಲಿಯರ್ಸ್ ಎಂಬ ಕತ್ತಿವರಸೆಯ ಗುರು ಮೊದಲೇ ಪರಿಚಯವಾಗಿದ್ದ. ಗುರುವಿನಿಂದ ಕಲಿತ ಬಯೊನೆಟ್ ವರಸೆಯನ್ನು ಅಮೆರಿಕದ ಕವಾಯತಿಗೆ ಬೆರೆಸಿ, ಓಡುತ್ತ, ಮಂಡಿಯೂರಿ, ಅಂಗಾತ ಮಲಗಿ ಬಂದೂಕು ತುಂಬಿ ಹಾರಿಸುವ ಹೊಸ ಪದ್ಧತಿಯೊಂದನ್ನು ಎಲ್ಸ್‌ವರ್ತ್ ರೂಪಿಸಿದ. ಮದ್ಯದಂಗಡಿ, ಜೂಜುಕಟ್ಟೆ, ಬಿಲಿಯರ್ಡ್ಸ್ ಕೋಣೆಗಳಿಗೆ ಕಾಲಿಟ್ಟವನನ್ನು ಪಡೆಯಿಂದ ಹೊರಗೆ ಹಾಕುವ ನಿಯಮ ಮಾಡಿದ, ಹಾಕಿಯೂ ಹಾಕಿದ. 1860ರ ಜುಲೈನಲ್ಲಿ ಐವತ್ತರ ಆಸುಪಾಸಿನ ಸಂಖ್ಯೆಯ ಈ ಹುಡುಗರು ಪ್ರವಾಸ ಹೊರಟು, ಸುಮಾರು 20 ನಗರಗಳಲ್ಲಿ ಸ್ಥಳೀಯ ಪಡೆಗಳಿಗೆ ಸವಾಲೆಸೆದು, ವೆಸ್ಟ್ ಪಾಯಿಂಟಿನ ಸೇನಾ ಶಾಲೆಯ ಮುಂದೆಯೂ ಅಧ್ಯಕ್ಷ ಬುಕಾನನ್ ಮುಂದೆಯೂ ಪ್ರದರ್ಶನ ಕೊಟ್ಟರು. ಅವರು ಹೋದ ಊರುಗಳಲ್ಲೆಲ್ಲ ಜುವಾವ್ ಪಡೆಗಳು ಹುಟ್ಟಿಕೊಂಡವು.

ಇಂಥ ಪಡೆಯನ್ನು ಮಾಡುವಾಗ ಉಡುಪಿನಲ್ಲಿ ರಾಜಿ ಮಾಡಿಕೊಂಡರೆ ಉಳಿಯುವುದೇನೂ ಇಲ್ಲ, ಏಕೆಂದರೆ ಉಡುಪೇ ಅವರ ಅರ್ಧ ಪ್ರದರ್ಶನವಾಗಿತ್ತು. ಸಮಕಾಲೀನ ವರ್ಣನೆ ಸ್ಪಷ್ಟವಾಗಿದೆ: ಚಿನ್ನದ ಜರಿಯ ಕೆಂಪು ಟೋಪಿ, ತಿಳಿನೀಲಿ ಅಂಗಿ, ಕಿತ್ತಳೆ ಮತ್ತು ಕೆಂಪು ಅಂಚಿನ ಕಡುನೀಲಿ ಜಾಕೆಟ್, ಕೆಂಪು ನಡುಪಟ್ಟಿ, ಸಡಿಲವಾದ ಕೆಂಪು ಷರಾಯಿ, ಕಾಲಿನ ಹರಡಿನಿಂದ ಮೊಣಕಾಲಿನ ಕಡೆಗೆ ಅರ್ಧ ದೂರದವರೆಗೆ ಬರುವ ಕಂದು ಚರ್ಮದ ಕಾಲುಪಟ್ಟಿ, ಬಿಳಿಯ ಬೆಲ್ಟ್. ಮಾರುಕಟ್ಟೆಯಲ್ಲಿ ಸಿಗುವ ಆ ಫ್ರೆಂಚ್ ಜುವಾವ್ ಬೊಂಬೆಯನ್ನು ಈ ರೂಪಕ್ಕೆ ತರಲು ಎದೆಯ ಎರಡೂ ಬದಿಯ ಬಳ್ಳಿಯ ಕಸೂತಿಯನ್ನು ಕೆರೆದು ತೆಗೆದೆ, ಪೇಟ ಸುತ್ತಿದ ತಲೆಯನ್ನು ಕತ್ತರಿಸಿದೆ, ಬಿಳಿಯ ಬಟ್ಟೆಯ ಕಾಲುಪಟ್ಟಿಯನ್ನು (ಗೇಟರ್) ಉಜ್ಜಿ ಹಾಕಿದೆ, ಷರಾಯಿಯ ಗೇರನ್ನು ಇಳಿಸಿದೆ. ಇವೆಲ್ಲ ಕೈಕೆಲಸ, ಬೇಸರ ತರಬಹುದೇ ಹೊರತು ತಲೆ ಕೆಡಿಸುವುದಿಲ್ಲ. ತಲೆ ಕೆಡಿಸಿದ್ದು ಅದೇ ವರ್ಣನೆಯಲ್ಲಿ ನಡುವೆ ಬರುವ ಒಂದು ಮಾತು: ಗೆಜ್ಜೆಯಂತೆ ದುಂಡಗಿನ ಹಿತ್ತಾಳೆಯ ಗುಂಡಿಗಳನ್ನು ಸಾಧ್ಯವಾದಷ್ಟೂ ಹತ್ತಿರ ಹತ್ತಿರ ಹೊಲಿಯಲಾಗಿತ್ತು.

ಗುಂಡಿಯನ್ನು ಅರ್ಧ ಅಂಗುಲವೆಂದು ಹಿಡಿದರೆ 1:32 ಪ್ರಮಾಣದಲ್ಲಿ ಅದು 0.4 ಮಿ.ಮೀ. ಆಗುತ್ತದೆ. ನನ್ನ ಬೊಂಬೆಯ ಜಾಕೆಟ್ಟಿನ ಮುಂಭಾಗದ ಅಂಚು ಸುಮಾರು 14 ಮಿ.ಮೀ. ಉದ್ದವಿದೆ. ಒಂದಕ್ಕೊಂದು ತಾಗಿದಂತೆ ಕೂರಿಸಿದರೆ ಒಂದು ಬದಿಗೆ 35, ಎರಡೂ ಬದಿ ಸೇರಿ 70. ಚಪ್ಪಟೆ ಗುಂಡಿಯಾಗಿದ್ದರೆ ಪಂಚಿನಿಂದ ತುಂಡರಿಸಿ ಅಂಟಿಸಬಹುದಿತ್ತು. ಇದು ಗೋಳಾಕಾರದ್ದು, ಬೆಳಕು ಬಿದ್ದಾಗ ಅಡಿಯಲ್ಲಿ ನೆರಳು ಕಾಣಲೇಬೇಕು.

ಮೊದಲು ಎಲ್ಲರೂ ಮಾಡುವಂತೆ ಬಿಳಿಯ ಅಂಟನ್ನು ಸೂಜಿಯ ತುದಿಯಿಂದ ಚುಕ್ಕೆಯಿಟ್ಟೆ. ಹಸಿಯಾಗಿರುವಾಗ ಅದರಷ್ಟು ಚೆಲುವಾದ ಗುಂಡಿ ಇನ್ನೊಂದಿಲ್ಲ. ಒಣಗಿದ ಮೇಲೆ ನೀರು ಹೋಗಿ ಕುಗ್ಗಿ, ಸೈನಿಕನಿಗೆ ಚರ್ಮರೋಗ ತಗುಲಿದಂತೆ ಕಾಣುತ್ತದೆ. ಪ್ಲಾಸ್ಟಿಕ್ ಮಾದರಿಗಳ ಚೌಕಟ್ಟಿನ ಕಡ್ಡಿಯನ್ನು (ಸ್ಪ್ರೂ) ಕಾಯಿಸಿ ಎಳೆಯಾಗಿ ಎಳೆದು, ಅದರ ತುದಿಯನ್ನು ಅಗರಬತ್ತಿಯ ಕೆಂಡಕ್ಕೆ ಹಿಡಿದು ಗುಂಡಾಗಿಸುವ ಉಪಾಯದಲ್ಲಿ ಆಕಾರ ಸರಿಯಾಗಿ ಬಂತು, ಆದರೆ ಎರಡು ಗುಂಡಿಗಳು ಎಂದೂ ಒಂದೇ ಗಾತ್ರಕ್ಕೆ ಬರಲಿಲ್ಲ. ಉಗುರಿನ ಅಲಂಕಾರಕ್ಕೆಂದು ಮಾರುವ ಚಿನ್ನದ ಬಣ್ಣದ ಮಣಿಗಳನ್ನು ತಂದು ಕೂರಿಸಿದಾಗ, ಅವುಗಳಲ್ಲಿ ಅತಿ ಚಿಕ್ಕವೂ 0.6 ಮಿ.ಮೀ. ಇದ್ದುದರಿಂದ, ನನ್ನ ಕ್ಯಾಡೆಟ್ ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತಿನಂತೆ ಗೆಜ್ಜೆ ಕಟ್ಟಿಕೊಂಡು ನಿಂತ. ರಸ್ತೆಯ ಬಿಳಿಗೆರೆಗೆ ಬೆರೆಸುವ ಗಾಜಿನ ಪುಡಿಯನ್ನು ಜರಡಿ ಹಿಡಿದರೆ ಬೇಕಾದ ಗಾತ್ರ ಸಿಗುತ್ತದೆ. ಆದರೆ ಗಾಜಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಒಣ ಹವೆಯಲ್ಲಿ ಆ ಕಣಗಳು ಚಿಮಟಕ್ಕೆ ಅಂಟಿಕೊಂಡು ಜಾಕೆಟ್ಟಿಗೆ ಇಳಿಯಲು ಒಪ್ಪುವುದೇ ಇಲ್ಲ.

ಈ ಹಂತದಲ್ಲಿ ವಿದೇಶದ ಒಬ್ಬ ಸರಬರಾಜುದಾರನ ಮೊರೆ ಹೋದೆ. ರೆಸಿನ್ನಿನಲ್ಲಿ ಅಚ್ಚಾದ 0.4 ಮಿ.ಮೀ. ಅರ್ಧಗೋಳಗಳ ಹಾಳೆಗಳು ಆ ಮಹಾಶಯನ ಪಟ್ಟಿಯಲ್ಲಿ ಇದ್ದವು. ಹಣ ಪಡೆಯುವಾಗ ಇದ್ದ ಚುರುಕು ಕಳಿಸುವಾಗ ಮಾಯವಾಗಿ, ಮಳೆಗಾಲ ಹೋಗಿ ಚಳಿಗಾಲ ಬಂದ ಮೇಲೆ ಪೊಟ್ಟಣ ಬಂತು. ವಸ್ತುವಿನ ಬೆಲೆಗಿಂತ ಸುಂಕ ಹೆಚ್ಚು. ತೆರೆದರೆ ಒಳಗಿದ್ದದ್ದು ಉಗಿಬಂಡಿಯ ಬಾಯ್ಲರಿಗೆ ಹಾಕುವ ಚಪ್ಪಟೆ ತಲೆಯ ರಿವೆಟ್ಟುಗಳು. ತಕರಾರು ಬರೆದದ್ದಕ್ಕೆ, ಇಷ್ಟು ಸಣ್ಣ ಗಾತ್ರದಲ್ಲಿ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ ಎಂಬ ಉತ್ತರ ಬಂತು. ವ್ಯತ್ಯಾಸ ಕಾಣದವನು ಈ ವ್ಯಾಪಾರಕ್ಕೆ ಏಕೆ ಇಳಿದನೋ ನಾನರಿಯೆ. ಅದೇ ಪೊಟ್ಟಣದಲ್ಲಿ ಬರಬೇಕಿದ್ದ ಟೋಪಿಯ ತಲೆಗಳ ಬದಲು ಮತ್ತೆ ಗೊಂಡೆಯ ತುರ್ಕಿ ಟೋಪಿ (ಫೆಜ್) ತೊಟ್ಟ ತಲೆಗಳೇ ಬಂದಿದ್ದವು. ಈಗ ನನ್ನ ಡಬ್ಬಿಯಲ್ಲಿ ಒಂದು ಸಣ್ಣ ತುರ್ಕಿ ಸೈನ್ಯಕ್ಕೆ ಸಾಲುವಷ್ಟು ತಲೆಗಳಿವೆ.

ಪರಿಹಾರ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಏರ್‌ಬ್ರಶ್ ಕಂಪ್ರೆಸರಿನ ಸ್ವಿಚ್ ಹುಡುಕುತ್ತ ಹೋದವನಿಗೆ, ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಸೀಸೆಗಳ ಸಾಲು ಕಾಣಿಸಿತು. ಎಲೆಕ್ಟ್ರಾನಿಕ್ ಚಿಪ್ ಅನ್ನು ಬೋರ್ಡಿಗೆ ಮತ್ತೆ ಬೆಸೆಯುವಾಗ ಅದರ ಅಡಿಯಲ್ಲಿ ಕೂರಿಸುವ ಬೆಸುಗೆಯ ಗೋಲಿಗಳು ಅವು, 0.3, 0.35, 0.4, 0.45 ಎಂದು ಗಾತ್ರವಾರು ಚೀಟಿ, ಒಂದು ಸೀಸೆಯಲ್ಲಿ 25,000. ಚಿಪ್ ಸರಿಯಾಗಿ ಕೂರಬೇಕಾದರೆ ಗೋಲಿಗಳ ಗಾತ್ರದಲ್ಲಿ ಏರುಪೇರು ಇರಕೂಡದು. ಆದ್ದರಿಂದ ನಮ್ಮ ಹವ್ಯಾಸದ ಯಾವ ತಯಾರಕನೂ ಕೊಡದ ನಿಖರತೆ ಅಲ್ಲಿ ತಾನಾಗಿಯೇ ದೊರೆಯುತ್ತದೆ. ಯಾವ ಫೋನಿಗೆ ಎಂದು ಅಂಗಡಿಯ ಹುಡುಗ ಕೇಳಿದ; 1860ರ ಮಾಡೆಲ್ ಎಂದೆ. ಅದಕ್ಕೆ ಪಾರ್ಟ್ಸ್ ಬರುವುದಿಲ್ಲ ಸಾರ್ ಎಂದು ಅವನು ಗಂಭೀರವಾಗಿಯೇ ಹೇಳಿದ. ಲೆಕ್ಕ ಹಾಕಿದರೆ ಆ ಒಂದು ಸೀಸೆಯಿಂದ 350ಕ್ಕೂ ಹೆಚ್ಚು ಕ್ಯಾಡೆಟ್‌ಗಳಿಗೆ ಗುಂಡಿ ಹೊಲಿಯಬಹುದು. ಎಲ್ಸ್‌ವರ್ತ್ ಬಳಿಯೂ ಅಷ್ಟು ಜನರಿರಲಿಲ್ಲ.

ಇಲ್ಲಿ ಒಂದು ಕವಲುದಾರಿ ಹಿಡಿಯುತ್ತೇನೆ. ಎಸ್.ಪಿ. ರಸ್ತೆಯಿಂದ ಹಿಂದಿರುಗುವಾಗ ಕಬ್ಬನ್ ರಸ್ತೆಯಲ್ಲಿ ಬಂದೆ, ಮತ್ತು ಮುಂದಿನ ಯೋಜನೆ ಅಲ್ಲೇ ನಿಶ್ಚಯವಾಯಿತು. ಅಲ್ಲಿದ್ದ ಬಿ.ಆರ್.ವಿ. ಟಾಕೀಸಿನಲ್ಲಿ ಇಂಗ್ಲಿಷ್ ಚಿತ್ರ ನೋಡಿದ ಹಿರಿಯರಲ್ಲಿ ಎಷ್ಟು ಮಂದಿ ಆ ಮೂರಕ್ಷರಗಳ ಹಿಂದೆ ಒಂದು ಸ್ವಯಂಸೇವಕ ಪಡೆ ಇದೆಯೆಂದು ಯೋಚಿಸಿದ್ದರೋ! ಬೆಂಗಳೂರು ರೈಫಲ್ ವಾಲಂಟಿಯರ್ಸ್ 1868ರಲ್ಲಿ ದಂಡುಪ್ರದೇಶದಲ್ಲಿ ಹುಟ್ಟಿದ್ದು. ಯುರೋಪಿಯನ್ನರೂ ಆಂಗ್ಲೋ ಇಂಡಿಯನ್ನರೂ ಬಿಡುವಿನ ವೇಳೆಯಲ್ಲಿ ಕವಾಯತು ಮಾಡುತ್ತಿದ್ದ ಪಡೆ ಅದು. 1857ರ ನಂತರ ಭಾರತದ ಹಲವು ಊರುಗಳಲ್ಲಿ ಇಂಥವು ಎದ್ದವು. ಅದರ ಒಂದು ಬೊಂಬೆಯನ್ನೂ ಯಾರೂ ಮಾರುವುದಿಲ್ಲವಾದ್ದರಿಂದ ಸರಬರಾಜುದಾರರ ಜಗಳವೂ ಇರುವುದಿಲ್ಲ. ತಂತಿಯ ಅಸ್ಥಿಪಂಜರದಿಂದ ಆರಂಭಿಸಿ ಪುಟ್ಟಿಯಲ್ಲಿ ಪೂರ್ತಿ ನಾನೇ ಕಟ್ಟಬೇಕು. ಸದ್ಯಕ್ಕೆ ಅದು ಅಲ್ಲಿರಲಿ.

ಗೋಲಿ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ಸಣ್ಣ ಡ್ರಿಲ್ಲಿನಿಂದ ಒಂದೊಂದಕ್ಕೂ ಕುಳಿ ಕೊರೆದು ಕೂರಿಸಲು ಹೋದರೆ ಕುಳಿಗಳ ಸಾಲು ಕೂದಲೆಳೆಯಷ್ಟು ಅತ್ತಿತ್ತ ಸರಿದರೂ ಇಡೀ ಜಾಕೆಟ್ ಕುಡಿದವನದ್ದಾಗಿ ಕಾಣುತ್ತದೆ. ಕುಡಿತವನ್ನು ನಿಷೇಧಿಸಿದ್ದ ಪಡೆಗೆ ಇದು ಅವಮಾನ. ಸೂಪರ್ ಗ್ಲೂ ಹಚ್ಚಿದರೆ ಅದು ಗೋಲಿಗಳ ಸಂದಿಗೆ ಹರಿದು ಸುತ್ತ ಬಿಳಿಯ ಮಂಜು ಬಿಡುತ್ತದೆ. ಕೊನೆಗೆ ಫಲ ಕೊಟ್ಟದ್ದು ಕುಳಿಯ ಬದಲು ಕಾಲುವೆ. ದಪ್ಪ ಲೇಬಲ್ ಟೇಪನ್ನು ಜಾಕೆಟ್ಟಿನ ಅಂಚಿಗೆ ಸಮಾನಾಂತರವಾಗಿ ಅಂಟಿಸಿ, ಅದರ ಆಸರೆಯಲ್ಲಿ ಸ್ಕ್ರೈಬರ್ ಎಂಬ ಚೂಪು ಗೀರುಗಡ್ಡಿಯನ್ನು ಎಳೆದು, ಗೋಲಿಯ ಮೂರನೆಯ ಒಂದು ಭಾಗ ಮುಳುಗುವಷ್ಟು ಆಳದ ಕಾಲುವೆ ಮಾಡಿದೆ. ಕೆಳಗಿನ ತುದಿಯಲ್ಲಿ ಪುಟ್ಟಿಯ ಸಣ್ಣ ತಡೆ ಇಟ್ಟು, ಬೊಂಬೆಯನ್ನು ಅಂಗಾತ ಮಲಗಿಸಿ, ಕಾಲುವೆ ಸ್ವಲ್ಪವೇ ಇಳಿಜಾರಾಗುವಂತೆ ಹಿಡಿಕೆಯನ್ನು ಓರೆಮಾಡಿದೆ. ಮಂದವಾದ ಅಕ್ರಿಲಿಕ್ ಜೆಲ್ಲನ್ನು ತೆಳುವಾಗಿ ಸವರಿ, ಮಡಚಿದ ವಿಸಿಟಿಂಗ್ ಕಾರ್ಡಿನಿಂದ ಗೋಲಿಗಳನ್ನು ಮೇಲಿನ ತುದಿಯಲ್ಲಿ ಇಳಿಸಿ, ಒದ್ದೆ ಮಾಡಿದ ಕುಂಚದ ತುದಿಯಿಂದ ಮೆಲ್ಲನೆ ಕೆಳಕ್ಕೆ ದೂಡಿದರೆ, ಒಂದರ ಹಿಂದೊಂದು ಬಂದು ತಡೆಗೆ ತಾಗಿ ನಿಲ್ಲುತ್ತವೆ. ಅಂತರ ಅಳೆಯುವ ಪ್ರಶ್ನೆಯೇ ಇಲ್ಲ. ಸಾಧ್ಯವಾದಷ್ಟೂ ಹತ್ತಿರ ಎಂಬ ವರ್ಣನೆಯ ಷರತ್ತನ್ನು ಗೋಲಿಗಳೇ ಪಾಲಿಸುತ್ತವೆ.

ಬಣ್ಣದಲ್ಲಿ ಎಚ್ಚರ ಬೇಕು. ಬೆಸುಗೆಯ ತವರದ ಮೇಲೆ ಅಕ್ರಿಲಿಕ್ ಹಿಡಿಯದಾದ್ದರಿಂದ ಪ್ರೈಮರ್ ಅನಿವಾರ್ಯ. ಕುಂಚದಿಂದ ಹಚ್ಚಿದರೆ ಸಂದಿಗಳು ತುಂಬಿ ಗುಂಡಿಗಳ ಸಾಲು ಹಗ್ಗವಾಗಿಬಿಡುತ್ತದೆ. ಏರ್‌ಬ್ರಶ್‌ನಲ್ಲಿ ತೆಳುವಾಗಿ ಮಂಜಿನಂತೆ ಹಾಯಿಸಿ, ಅದರ ಮೇಲೆ ಹಿತ್ತಾಳೆ ಬಣ್ಣ, ನಂತರ ಸಂದಿಗಳಿಗೆ ನೀರಾಗಿಸಿದ ಗಾಢ ಕಂದು ಬಣ್ಣ (ವಾಷ್), ಒಣಗಿದ ಮೇಲೆ ಗೋಲಿಗಳ ನೆತ್ತಿಗೆ ಮಾತ್ರ ತಿಳಿಚಿನ್ನ. ಜಾಕೆಟ್ಟಿನ ಕಡುನೀಲಿಯನ್ನು ಎಲ್ಲಕ್ಕಿಂತ ಕೊನೆಗೆ ಗುಂಡಿಗಳ ಬುಡದವರೆಗೆ ತಂದು ನಿಲ್ಲಿಸಬೇಕು. ನೀಲಿಯ ಮೇಲೆ ಚೆಲ್ಲಿದ ಚಿನ್ನದ ಹುಡಿಯನ್ನು ತೆಗೆಯುವುದಕ್ಕಿಂತ ಹೊಸ ಬೊಂಬೆ ಕೊಳ್ಳುವುದು ಸುಲಭ. ಸೀಸ ಬೆರೆತ ಗೋಲಿಗಳಾದರೆ ಕೆಲಸದ ನಂತರ ಕೈ ತೊಳೆಯದೆ ಚಕ್ಕುಲಿಗೆ ಕೈ ಹಾಕಬಾರದು. ಷರಾಯಿಯ ಕೆಂಪಿಗೆ ಬೂದು ಪ್ರೈಮರ್ ಬಿಟ್ಟು ನಸುಗುಲಾಬಿಯ ಅಡಿಬಣ್ಣ ಹಾಕಿದರೆ ಎರಡೇ ಪದರಕ್ಕೆ ಉಜ್ವಲವಾಗುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಉಳಿದ ಚರ್ಚೆಯೆಲ್ಲ ಎಲ್ಸ್‌ವರ್ತ್‌ನ ಬೊಂಬೆಯನ್ನು ಕುರಿತದ್ದು. ಅವನನ್ನು 1861ರ ಉಡುಪಿನಲ್ಲಿ ಮಾಡೆಂದು ಗೆಳೆಯರು ಒತ್ತಾಯಿಸುತ್ತಾರೆ. ಆ ವರ್ಷ ಮೇ 24ರಂದು ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಊರಿನ ಮಾರ್ಷಲ್ ಹೌಸ್ ಎಂಬ ವಸತಿಗೃಹದ ಮೇಲಿಂದ ಒಕ್ಕೂಟವಿರೋಧಿಗಳ ಬಾವುಟವನ್ನು ಇಳಿಸಿ ಅವನು ಮೆಟ್ಟಿಲಿಳಿಯುತ್ತಿದ್ದಾಗ ಅದರ ಮಾಲೀಕ ಜೇಮ್ಸ್ ಜಾಕ್ಸನ್ ಅವನನ್ನು ಗುಂಡಿಟ್ಟು ಕೊಂದ. ಮರುಕ್ಷಣವೇ ಅವನ ದಂಡಿನ ಸೈನಿಕ ಫ್ರಾನ್ಸಿಸ್ ಬ್ರೌನೆಲ್ ಜಾಕ್ಸನನನ್ನು ಕೊಂದ. ಲಿಂಕನ್ ತನ್ನ ಕಚೇರಿಯಲ್ಲಿ ಕಾನೂನು ಕಲಿತಿದ್ದ ಈ ತರುಣನ ದೇಹವನ್ನು ಶ್ವೇತಭವನದಲ್ಲೇ ಇರಿಸಿದ. ಗುಂಡು ತೂರಿದ ಕೋಟು ಇಂದಿಗೂ ಸಾರಟೋಗಾ ಸ್ಪ್ರಿಂಗ್ಸ್‌ನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಮೆಟ್ಟಿಲ ದೃಶ್ಯವನ್ನು ಈಗಾಗಲೇ ಎಷ್ಟೋ ಮಂದಿ ಮಾಡಿದ್ದಾರೆ; ಸತ್ತ ರೀತಿಯಿಂದಲೇ ನೆನಪಾಗುವ ಮನುಷ್ಯನನ್ನು ಒಮ್ಮೆಯಾದರೂ ಅವನ ಕಸುಬಿನಲ್ಲಿ ನಿಲ್ಲಿಸಬೇಕೆಂಬುದು ನನ್ನ ಹಟ. ಆದ್ದರಿಂದ ಅವನು 1860ರ ಜುಲೈನಲ್ಲೇ ಉಳಿಯುತ್ತಾನೆ, ಎದುರಿಗೆ ಐದು ಕ್ಯಾಡೆಟ್‌ಗಳು, ಅವರಲ್ಲಿ ಇಬ್ಬರು ಅಂಗಾತ ಮಲಗಿ ಬಂದೂಕು ತುಂಬುತ್ತಿರುತ್ತಾರೆ. ಮಲಗಿದವರ ಕಾಲುಪಟ್ಟಿಯ ಗುಂಡಿಗಳು ನೋಡುವವರ ಕಡೆಗೇ ತಿರುಗಿರುವುದರಿಂದ ಅವನ್ನೂ ಕೂರಿಸಲೇಬೇಕು. 0.3 ಮಿ.ಮೀ. ಸೀಸೆಯನ್ನು ತಂದಾಗಿದೆ, ಬಾಗಿದ ಚರ್ಮದ ಮೇಲೆ ಕಾಲುವೆ ಕೊರೆಯಲು ಲೇಬಲ್ ಟೇಪ್ ಬಗ್ಗುವುದಿಲ್ಲವಾದ್ದರಿಂದ, ತೆಳು ಹಿತ್ತಾಳೆಯ ಪಟ್ಟಿಯನ್ನು ಕಾಲಿನ ಆಕಾರಕ್ಕೆ ಬಗ್ಗಿಸಿ ನೋಡುತ್ತಿದ್ದೇನೆ.